ಹನ್ನೆರಡು ಕಲ್ಲು

ಎಂಟನೇ ಹಂತಕ್ಕೆ ಬೇಕಾದದ್ದು ಇಷ್ಟು:
ಮೋಡದ ಮೇಲೆ ತೇಲುವ, ಅರ್ಧ ಕುಸಿದ ಕೋಟೆ,
ಎರಡು ಸೂರ್ಯ, ಬತ್ತಿದ ಕಂದಕ,
ಯಾರೋ ತೆರೆದಿಟ್ಟು ಓಡಿಹೋದ ಹಾಗೆ ಒಂದು ದಿಡ್ಡಿ.
ಗುರುವಾರದೊಳಗೆ.

ಬಾಣೇರದ ನಾಲ್ಕನೇ ಮಹಡಿಯಲ್ಲಿ
ಏಸಿಯ ಚಳಿಗೆ ಶಾಲು ಹೊದ್ದು
ಮೊದಲು ಬರೀ ಬೂದಿಬಣ್ಣದಲ್ಲಿ ಗೀಚಿದೆ:
ಕತ್ತಲು ಎಲ್ಲಿ ದಪ್ಪ, ಬೆಳಕು ಎಲ್ಲಿ ಸೀಳು,
ಓಡಿ ಬಂದವನ ಕಣ್ಣು ಮೊದಲು ಎಲ್ಲಿಗೆ ಬೀಳಬೇಕು.
ಹದಿನೇಳು ಚಿತ್ರ. ಹದಿನಾರು ಕಸ.
ಉಳಿದೊಂದನ್ನು ನೋಡಿ ನಚಿಕೇತ ಬಾಪಟ
ಚಹಾದ ಲೋಟ ಕೆಳಗಿಟ್ಟ.
ಅವನ ಮಟ್ಟಿಗೆ ಅದು ಚಪ್ಪಾಳೆ.

ಆಮೇಲೆ ಕಲ್ಲು.
ಕೋಟೆಗೆ ಕೋಟಿ ಕಲ್ಲು ಬೇಡ, ಹನ್ನೆರಡು ಸಾಕು.
ತಿರುಗಿಸು, ಮಗುಚು, ಹಿಗ್ಗಿಸು, ಮತ್ತೆ ಇಡು,
ಸಂದಿಗೆ ಪಾಚಿ ಬಳಿ, ಬುಡಕ್ಕೆ ನೆರಳು ಮೆತ್ತು.
ಸಾವಿರ ಮಾರು ಗೋಡೆ ಒಂದೇ ಮಧ್ಯಾಹ್ನದಲ್ಲಿ
ಎದ್ದು ನಿಂತಿತು, ಒಂದು ಹನಿ ಬೆವರಿಲ್ಲದೆ.

ಭಾನುವಾರ ಅಪ್ಪ ಲ್ಯಾಪ್‌ಟಾಪಿನ ಮುಂದೆ ಕೂತ.
ವಾಘೋಲಿಯ ಖಣಿಯಲ್ಲಿ ಮೂವತ್ತೊಂದು ವರ್ಷ
ಸುತ್ತಿಗೆ ಹೊಡೆದವನು.
ಎಡಗೈ ಹೆಬ್ಬೆಟ್ಟಿಗೆ ಉಗುರಿಲ್ಲ.
ಆ ಬೆರಳನ್ನೇ ಪರದೆಗೆ ಒತ್ತಿ,
"ಇದು ಈ ಕಲ್ಲು. ಅಲ್ಲಿರೂದೂ ಇದ.
ಬುರುಜಿನ ಮ್ಯಾಲಿಂದೂ ಇದ, ತಲಿಕೆಳಗ ಮಾಡೀದಿ.
ಒಂದ ಕಲ್ಲು ಎಷ್ಟ್ ಕಡೆ ದುಡೀತೈತಿ, ಪಾಪ."
ಆಫೀಸಿನ ಇಪ್ಪತ್ತು ಜೋಡಿ ಕಣ್ಣಿಗೆ ಸಿಗದ್ದು
ಅಪ್ಪನಿಗೆ ಚಹಾ ಆರುವುದರೊಳಗೆ ಸಿಕ್ಕಿತ್ತು.

"ಇದರ ಹೊಟ್ಟ್ಯಾಗ ಏನೈತಿ?"
ಕ್ಯಾಮೆರಾ ಒಳಗೆ ತೂರಿಸಿ ತೋರಿಸಿದೆ.
ಏನಿಲ್ಲ.
ಒಳಗಿನಿಂದ ನೋಡಿದರೆ ಗೋಡೆಯೇ ಇಲ್ಲ,
ಆಡುವವನು ನೋಡುವ ಬದಿಗಷ್ಟೇ ತೊಗಲು.
ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ:
"ಹಂಗಾರ ಹೊರಾಕ ಹಗೂರ."

ದಿಡ್ಡಿಯಿಂದ ಬೀಳುವ ಬಿಸಿಲುಕೋಲಿನಲ್ಲಿ
ಧೂಳು ತೇಲಿಸಿದ್ದೆ, ಒಂದೊಂದು ಕಣ ಕಾಣುವಂತೆ.
ಇಡೀ ಕೋಟೆಯಲ್ಲಿ ನನ್ನ ಹೆಮ್ಮೆ ಅದು.
ಅದು ಪರದೆಗೆ ಬಂದದ್ದೇ
ಅಪ್ಪನ ಕೈ ತಾನಾಗಿ ಎದ್ದು
ಟವೆಲಿನ ತುದಿಯನ್ನು ಮೂಗಿಗೆ ಒಯ್ದಿತು.
ಧೂಳನ್ನು ಅರ್ಧಕ್ಕಿಳಿಸಿದೆ.
ಆಮೇಲೆ ಕಾಲಿಗೆ.

ಎರಡು ಸೂರ್ಯರ ಬಗ್ಗೆ ಅವನು ಏನೂ ಕೇಳಲಿಲ್ಲ,
ಮೋಡ ಹೇಗೆ ಕೋಟೆ ಹೊರುತ್ತದೆ ಎಂದೂ ಕೇಳಲಿಲ್ಲ.
ಕಣ್ಣು ನಟ್ಟದ್ದು ಕಮಾನಿನ ಮೇಲೆ.
"ನಡುವಿನ ಕಲ್ಲು ಉಲ್ಟಾ ಐತಿ.
ಅಗಲ ಮ್ಯಾಲಿರಬೇಕು, ಸಣ್ಣದು ಕೆಳಗ.
ಇದು ಬೀಳತೈತಿ."
ಬೀಳಲ್ಲಪ್ಪ. ಬೀಳು ಅಂತ ನಾವು ಹೇಳಿದರಷ್ಟೇ
ಇಲ್ಲಿ ಏನಾದರೂ ಬೀಳೋದು.
"ಅದರ ಕೆಳಗ ಮಂದಿ ಹಾಯೂದಿಲ್ಲೇನು?"
ಹಾಯ್ತಾರೆ. ನಾಲ್ಕೇ ಸೆಕೆಂಡು.
ಬೆನ್ನ ಹಿಂದೆ ಬೆಂಕಿ ಉಗುಳುವ ಹಕ್ಕಿ,
ಯಾರೂ ತಲೆ ಎತ್ತಲ್ಲ.
"ತಲಿ ಎತ್ತಲಿಲ್ಲಂದ್ರ ಬೀಳೂದಿಲ್ಲೇನು?"

ರಾತ್ರಿ ಒಂದೂವರೆ.
ನಗರ ರಸ್ತೆಯಲ್ಲಿ ಖಡಿ ಹೊತ್ತ ಲಾರಿಗಳು.
ಪಕ್ಕದ ಕೋಣೆಯಲ್ಲಿ ಅಪ್ಪನ ಉಸಿರು,
ಜರಡಿಗೆ ಉಸುಕು ಹಾಕಿದ ಸದ್ದು.
ಎದ್ದು ಫೈಲು ತೆರೆದೆ.
ಮೇಲೆ ಅಗಲ, ಕೆಳಗೆ ಸಣ್ಣ,
ಮೈತುಂಬ ಉಳಿಯ ಓರೆ ಏಟು.
ನಮ್ಮ ಅಡುಗೆಮನೆಯ ಒರಳನ್ನು
ಮೊಬೈಲ್ ಬೆಳಕಿನಲ್ಲಿ ಸವರಿ ಸವರಿ
ಏಟುಗಳ ನಡುವಿನ ಅಂತರ ಎಣಿಸಿಕೊಂಡು ಬಂದೆ.
ಹದಿಮೂರನೆಯ ಕಲ್ಲು.
ಅದನ್ನು ಬೇರೆಲ್ಲೂ ಇಡಲಿಲ್ಲ.

ಸೋಮವಾರ ಬಾಪಟನ ಸಂದೇಶ:
ಮುನ್ನೂರು ತ್ರಿಕೋನ ಜಾಸ್ತಿಯಾಗಿವೆ,
ಅದೂ ಯಾರೂ ನೋಡದ ಜಾಗದಲ್ಲಿ.
ಕಮಾನು ಯಾಕೆ ಬದಲಾಯಿತು?

ಉದ್ದಕ್ಕೆ ಏನೇನೋ ಬರೆದೆ, ಅಳಿಸಿದೆ.
ಬೀಳುತ್ತಿತ್ತು, ಎಂದು ಕಳಿಸಿದೆ.

ಉತ್ತರ ಇನ್ನೂ ಬಂದಿಲ್ಲ.
ಕಂದಕಕ್ಕೆ ಹುಲ್ಲು ಹಚ್ಚುತ್ತಾ ಕೂತಿದ್ದೇನೆ.